ಕಟ್ಟೆಗೆ ಹಣ ಎಲ್ಲಿಂದ ಬರುತ್ತದೆ?



ಈ ಪಾಠ ಸ್ವಲ್ಪ ಉದ್ದ ಇದೆ. ಒಂದೇ ದಿನ ಓದಿ ಮುಗಿಸಬೇಕು ಅಂತೇನಿಲ್ಲ. ಒಂದು ದಿನಕ್ಕೆ ಒಂದು ಭಾಗ ಓದೋಣ. ಓದಿದ ಮೇಲೆ ಕೂತು ಮಾತಾಡೋಣ. ಇದು ದುಡ್ಡಿನ ಪಾಠ. ನಮ್ಮ ಮನೆಯ ದುಡ್ಡಿನದ್ದಲ್ಲ, ನಮ್ಮ ಊರಿನ ದುಡ್ಡಿನದ್ದು.

1. ಅಜ್ಜಿ ಕೇಳಿದ ಪ್ರಶ್ನೆ

ನಮ್ಮ ಕಲಿಕಾ ಕೇಂದ್ರ ನಡೆಯುವುದು ಶಾಲೆಯ ಜಗಲಿಯಲ್ಲಿ. ಹಗಲು ನಾವು ಅಲ್ಲೇ ಮಕ್ಕಳಿಗೆ ಪಾಠ ಹೇಳುತ್ತೇವೆ. ಸಂಜೆ ಅದೇ ಜಗಲಿಗೆ ಮಕ್ಕಳ ಅವ್ವಂದಿರು, ಅಜ್ಜಿಯರು ಬರುತ್ತಾರೆ. ಅವರಲ್ಲಿ ಒಬ್ಬ ಅಜ್ಜಿ ಇದ್ದಾರೆ. ವಯಸ್ಸು ಅರವತ್ತು ದಾಟಿದೆ. ಎರಡು ಎಮ್ಮೆ ಸಾಕಿದ್ದಾರೆ. ಹಾಲು ಡೇರಿಗೆ ಹಾಕಿ ಬಂದ ಮೇಲೇ ಸ್ಲೇಟು ಹಿಡಿಯುತ್ತಾರೆ.

ಅದು 2024ರ ಬೇಸಿಗೆ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿತ್ತು. ನಮ್ಮ ಊರ ಮುಂದಿನ ಗೋಕಟ್ಟೆ ಒಣಗಿ ಬಿರುಕು ಬಿಟ್ಟಿತ್ತು. ಕೊಳವೆ ಬಾವಿಯಲ್ಲಿ ನೀರು ಬರುವ ಬದಲು ಗಾಳಿ ಬರುತ್ತಿತ್ತು. ಟ್ಯಾಂಕರ್ ಬಂದರೆ ಹೆಂಗಸರು ಕೊಡ ಹಿಡಿದು ಓಡಬೇಕು. ದನಕರುಗಳಿಗೆ ನೀರು ಕುಡಿಸಲು ಎರಡು ಮೈಲಿ ನಡೆಸಬೇಕು.

ಒಂದು ಸಂಜೆ ಅಜ್ಜಿ ಸ್ಲೇಟು ಪಕ್ಕಕ್ಕಿಟ್ಟು ಕೇಳಿದರು:

"ಟೀಚರಮ್ಮ, ಕಟ್ಟೆ ಹೂಳು ತೆಗೀರಿ ಅಂತ ಮೂರು ವರ್ಷದಿಂದ ಗ್ರಾಮಸಭೇಲಿ ಹೇಳ್ತಾನೇ ಇವ್ನಿ. ಹಣ ಇಲ್ಲ, ಹಣ ಇಲ್ಲ ಅಂತಾರೆ. ಆ ಹಣ ಅನ್ನೋದು ಎಲ್ಲಿಂದ ಬರ್ತದೆ? ಯಾರ ತಾವ ಇರ್ತದೆ?"

ನಮಗೂ ಕೂಡಲೇ ಉತ್ತರ ಹೇಳಲು ಆಗಲಿಲ್ಲ. "ತಿಳ್ಕೊಂಡು ಹೇಳ್ತೀವಿ ಅಜ್ಜಿ" ಅಂದೆವು.

2. ಪುಸ್ತಕದಲ್ಲಿ ಇಲ್ಲದ ಮಾತು

ಮಾರನೆಯ ವಾರ ಏಳು ಜನ ಹೆಂಗಸರು ಮತ್ತು ನಾವು ಪಂಚಾಯಿತಿ ಕಚೇರಿಗೆ ಹೋದೆವು. ಹಿಂದಿನ ಗ್ರಾಮಸಭೆಗಳ ನಡಾವಳಿ ಪುಸ್ತಕ ತೋರಿಸಿ ಅಂತ ಕೇಳಿದೆವು. ಸಭೆಯಲ್ಲಿ ಯಾರು ಏನು ಹೇಳಿದರು, ಏನು ತೀರ್ಮಾನ ಆಯಿತು ಅಂತ ಬರೆದಿಡುವ ಪುಸ್ತಕವೇ ನಡಾವಳಿ ಪುಸ್ತಕ.

ಅಜ್ಜಿ ಕನ್ನಡಕ ಹಾಕಿಕೊಂಡರು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ರ-ಸ್ತೆ, ರಸ್ತೆ. ಚ-ರಂ-ಡಿ, ಚರಂಡಿ. ಬೀದಿ ದೀಪ. ಸಮುದಾಯ ಭವನ. ಒಂದು ಪುಟ ಆಯಿತು. ಎರಡು ಪುಟ ಆಯಿತು. ಮೂರು ವರ್ಷದ ಪುಟಗಳೂ ಮುಗಿದವು. ಕಟ್ಟೆ ಅನ್ನುವ ಮಾತೇ ಅಲ್ಲಿ ಇರಲಿಲ್ಲ.

"ನಾನು ಹೇಳಿದ್ದು ಒಂದೂ ಇಲ್ವಲ್ಲ" ಅಂದರು ಅಜ್ಜಿ. ಅವರ ದನಿ ಸಣ್ಣದಾಗಿತ್ತು.

ಅಜ್ಜಿಯ ಮಾತನ್ನು ಅಲ್ಲಿದ್ದವರು ಕೇಳಿಸಿಕೊಂಡಿದ್ದರು. ಯಾರೂ ಬರೆದುಕೊಂಡಿರಲಿಲ್ಲ. ಅಜ್ಜಿಗೆ ಆಗ ಓದಲು ಬರುತ್ತಿರಲಿಲ್ಲ. ಅದಕ್ಕೇ "ಬರೆದಿರಾ? ತೋರಿಸಿ" ಅಂತ ಕೇಳಿರಲಿಲ್ಲ.

ಅಂದು ನಾವೆಲ್ಲ ಒಂದು ಪಾಠ ಕಲಿತೆವು. ಹೇಳಿದ ಮಾತು ಗಾಳಿಗೆ ಹೋಗುತ್ತದೆ. ಬರೆದ ಮಾತು ಪುಸ್ತಕಕ್ಕೆ ಹೋಗುತ್ತದೆ. ಪುಸ್ತಕಕ್ಕೆ ಹೋದ ಕೆಲಸಕ್ಕೆ ಮಾತ್ರ ಹಣ ಬರುತ್ತದೆ.

3. ಹವಾಮಾನ ಬದಲಾಗುತ್ತಿದೆ

ಬರ ಹಿಂದೆಯೂ ಬರುತ್ತಿತ್ತು. ನಮ್ಮ ಅಜ್ಜಿಯರು ಬರಗಾಲದ ಕಥೆ ಹೇಳುತ್ತಾರೆ. ಹಾಗಾದರೆ ಈಗ ಏನು ಹೊಸದು?

ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟಾಗ ಇಂಗಾಲದ ಅನಿಲ ಗಾಳಿಗೆ ಸೇರುತ್ತದೆ. ಅದು ಭೂಮಿಯ ಮೇಲೆ ಕಂಬಳಿ ಹೊದಿಸಿದ ಹಾಗೆ. ಒಳಗಿನ ಶಾಖ ಹೊರಗೆ ಹೋಗಲು ಬಿಡುವುದಿಲ್ಲ. ಭೂಮಿ ಬಿಸಿಯಾಗುತ್ತದೆ. ಮಳೆಯ ಲೆಕ್ಕಾಚಾರ ತಪ್ಪುತ್ತದೆ. ಬಂದರೆ ಒಂದೇ ಸಲ ಸುರಿಯುತ್ತದೆ. ಇಲ್ಲವಾದರೆ ವಾರಗಟ್ಟಲೆ ಬರುವುದಿಲ್ಲ. 2022ರಲ್ಲಿ ನಮ್ಮ ರಾಜ್ಯದಲ್ಲಿ ಅತಿ ಮಳೆ ಆಯಿತು. ಮರುವರ್ಷವೇ ಬರ ಬಂತು. ಇಂಥ ಏರುಪೇರು ಇನ್ನೂ ಹೆಚ್ಚುತ್ತದೆ ಅಂತ ವಿಜ್ಞಾನಿಗಳು ಹೇಳುತ್ತಾರೆ.

ಕಲ್ಲಿದ್ದಲು ಸುಡುವುದನ್ನು ನಿಲ್ಲಿಸುವುದು ನಮ್ಮೊಬ್ಬರ ಕೈಯಲ್ಲಿಲ್ಲ. ಆದರೆ ಬಿದ್ದ ಮಳೆಯನ್ನು ಹಿಡಿದಿಡುವುದು ನಮ್ಮ ಊರಿನ ಕೈಯಲ್ಲಿದೆ. ಕಟ್ಟೆ ಹೂಳು ತೆಗೆಯುವುದು, ಬದು ಹಾಕುವುದು, ಗಿಡ ನೆಡುವುದು, ಕಸದಿಂದ ಗೊಬ್ಬರ ಮಾಡುವುದು, ಬಚ್ಚಲ ನೀರು ಇಂಗಿಸುವುದು, ಸೂರ್ಯನ ಬೆಳಕಿನಿಂದ ದೀಪ ಉರಿಸುವುದು, ಇವೆಲ್ಲ ಹವಾಮಾನದ ಕೆಲಸಗಳೇ. ದೊಡ್ಡ ಹೆಸರು ಕೇಳಿ ಹೆದರಬೇಡಿ. ನಾವು ಬಲ್ಲ ಕೆಲಸಗಳೇ ಇವು.

4. ಮೊದಲು ಕೆಲಸ, ಆಮೇಲೆ ಹಣ

ಪಂಚಾಯಿತಿ ಪ್ರತಿ ವರ್ಷ ಒಂದು ಯೋಜನೆ ಬರೆಯಬೇಕು. ಮುಂದಿನ ವರ್ಷ ಊರಿನಲ್ಲಿ ಏನೇನು ಕೆಲಸ ಆಗಬೇಕು, ಯಾವ ಕೆಲಸಕ್ಕೆ ಯಾವ ಹಣ, ಅನ್ನುವ ಪಟ್ಟಿ ಇದು. ಇದಕ್ಕೆ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ಅಂತ ಹೆಸರು. ಈ ಪಟ್ಟಿಯಲ್ಲಿ ಇಲ್ಲದ ಕೆಲಸಕ್ಕೆ ಹಣ ಹುಡುಕಿದರೂ ಸಿಗುವುದು ಕಷ್ಟ.

ಪಟ್ಟಿ ಹೇಗೆ ತಯಾರಾಗುತ್ತದೆ? ಮೊದಲು ವಾರ್ಡ್ ಸಭೆ. ಆಮೇಲೆ ಗ್ರಾಮಸಭೆ. ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ನಡೆಯಬೇಕು ಅಂತ ನಮ್ಮ ರಾಜ್ಯದ ಕಾಯ್ದೆ ಹೇಳುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಗ್ರಾಮಸಭೆಯ ಸದಸ್ಯರು. ಅಂದರೆ ನೀವೂ ಸದಸ್ಯರು. ಗಂಡ ಹೋದರೆ ಸಾಕು ಅಂತ ಕೂರಬೇಡಿ. ಸಭೆಗೆ ಇಂತಿಷ್ಟು ಹೆಂಗಸರು ಇರಲೇಬೇಕು ಅಂತ ಕಾಯ್ದೆಯೇ ಹೇಳಿದೆ.

ಅಕ್ಟೋಬರ್ ತಿಂಗಳಿನಿಂದ ಮುಂದಿನ ವರ್ಷದ ಯೋಜನೆಯ ಸಭೆಗಳು ಶುರುವಾಗುವುದು ರೂಢಿ. ಏಪ್ರಿಲ್‌ನಲ್ಲಿ ಬಾಯಾರಿಕೆ ಆದಾಗ ಕೇಳಿದರೆ ತಡವಾಯಿತು. ಅಕ್ಟೋಬರ್‌ನಲ್ಲೇ ಕೇಳಬೇಕು. ಮಳೆಗಾಲಕ್ಕೆ ಮುಂಚೆ ಸೂರು ಹೊದಿಸಿದ ಹಾಗೆ.

5. ಡಬ್ಬಿಗಳ ಲೆಕ್ಕ

ನಮ್ಮ ಅಡುಗೆಮನೆಯಲ್ಲಿ ಸಾಲಾಗಿ ಡಬ್ಬಿಗಳಿರುತ್ತವೆ. ಸಾಸಿವೆ ಡಬ್ಬಿಯಲ್ಲಿ ಒಂದಿಷ್ಟು ದುಡ್ಡು, ಬೇಳೆ ಡಬ್ಬಿಯಲ್ಲಿ ಒಂದಿಷ್ಟು ದುಡ್ಡು ಬಚ್ಚಿಡುತ್ತೇವೆ. ಇದು ಮಗಳ ಫೀಸಿಗೆ, ಇದು ಸಂಘದ ಕಂತಿಗೆ, ಇದು ಹಬ್ಬಕ್ಕೆ. ಒಂದರದ್ದು ಇನ್ನೊಂದಕ್ಕೆ ತೆಗೆಯುವುದಿಲ್ಲ.

ಪಂಚಾಯಿತಿಯ ಹಣವೂ ಹೀಗೇ. ಬೇರೆ ಬೇರೆ ಡಬ್ಬಿಗಳು. ಯಾವ ಡಬ್ಬಿಯ ಹಣ ಯಾವ ಕೆಲಸಕ್ಕೆ ಅಂತ ತಿಳಿದರೆ, "ಹಣ ಇಲ್ಲ" ಅಂದಾಗ "ಯಾವ ಡಬ್ಬಿಯಲ್ಲಿ ಇಲ್ಲ?" ಅಂತ ಕೇಳಬಹುದು.

ಒಂದನೇ ಡಬ್ಬಿ: ಹಣಕಾಸು ಆಯೋಗದ ಅನುದಾನ

ದೇಶದ ತೆರಿಗೆ ಹಣವನ್ನು ಹೇಗೆ ಹಂಚಬೇಕು ಅಂತ ಹಣಕಾಸು ಆಯೋಗ ಹೇಳುತ್ತದೆ. ಅದರಲ್ಲಿ ಪಂಚಾಯಿತಿಗಳಿಗೂ ಪಾಲಿದೆ. 15ನೇ ಹಣಕಾಸು ಆಯೋಗ 2021ರಿಂದ 2026ರ ಮಾರ್ಚ್‌ವರೆಗಿನ ಅವಧಿಗೆ ಒಂದು ನಿಯಮ ಹೇಳಿತ್ತು. ನೂರು ರೂಪಾಯಿ ಬಂದರೆ 60 ರೂಪಾಯಿ ನೀರಿಗೂ ನೈರ್ಮಲ್ಯಕ್ಕೂ ಮೀಸಲು. ಅದರಲ್ಲಿ 30 ರೂಪಾಯಿ ಕುಡಿಯುವ ನೀರು, ಮಳೆ ನೀರು ಸಂಗ್ರಹ, ನೀರಿನ ಮರುಬಳಕೆಗೆ. ಇನ್ನು 30 ರೂಪಾಯಿ ನೈರ್ಮಲ್ಯಕ್ಕೆ. ಉಳಿದ 40 ರೂಪಾಯಿ ಊರಿನ ಬೇರೆ ಅಗತ್ಯಗಳಿಗೆ. ಆದರೆ ಸಂಬಳಕ್ಕೆ ಬಳಸುವಂತಿರಲಿಲ್ಲ.

ಮೀಸಲಿಟ್ಟ ಹಣಕ್ಕೆ ನಿರ್ಬಂಧಿತ ಅನುದಾನ ಅನ್ನುತ್ತಾರೆ. ಉಳಿದದ್ದಕ್ಕೆ ಅನಿರ್ಬಂಧಿತ ಅನುದಾನ ಅನ್ನುತ್ತಾರೆ. 2026ರ ಏಪ್ರಿಲ್‌ನಿಂದ 2031ರ ಮಾರ್ಚ್‌ವರೆಗೆ 16ನೇ ಆಯೋಗದ ಅವಧಿ. ಈ ಅವಧಿಗೆ ನಿಮ್ಮ ಪಂಚಾಯಿತಿಗೆ ಎಷ್ಟು ಬರುತ್ತದೆ, ನೀರಿಗೆ ಎಷ್ಟು ಪಾಲು ಅಂತ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ.

ಎರಡನೇ ಡಬ್ಬಿ: ಕೂಲಿ ಕೆಲಸದ ಕಾಯ್ದೆ

2005ರಲ್ಲಿ ಉದ್ಯೋಗ ಖಾತರಿ ಕಾಯ್ದೆ ಬಂತು. ನಾವು ನರೇಗಾ ಅನ್ನುತ್ತಿದ್ದೆವು. ಒಂದು ಮನೆಗೆ ವರ್ಷಕ್ಕೆ 100 ದಿನ ಕೂಲಿ ಕೆಲಸ ಕೊಡಬೇಕು ಅಂತ ಅದು ಹೇಳಿತ್ತು. ಕೆರೆ ಕಟ್ಟೆ ಹೂಳು ತೆಗೆಯುವುದು, ಬದು ಹಾಕುವುದು, ಕೃಷಿ ಹೊಂಡ ತೋಡುವುದು ಅದರಲ್ಲಿದ್ದವು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅದರ ಬದಲಿಗೆ ಹೊಸ ಕಾಯ್ದೆ ಪಾಸು ಮಾಡಿತು. ಹೊಸ ಕಾಯ್ದೆಯಲ್ಲಿ 125 ದಿನ ಅಂತ ಇದೆ. ಹೆಚ್ಚಿನ ರಾಜ್ಯಗಳಲ್ಲಿ ನೂರಕ್ಕೆ 60 ಕೇಂದ್ರ, 40 ರಾಜ್ಯ ಕೊಡಬೇಕು. ನೀರಿನ ಭದ್ರತೆಯ ಕೆಲಸ, ಅತಿ ಮಳೆ ಬರದಂಥ ವಿಪತ್ತು ತಡೆದುಕೊಳ್ಳುವ ಕೆಲಸ ಅದರಲ್ಲಿ ಸೇರಿವೆ. ಕೆಲಸಗಳನ್ನು ಪಂಚಾಯಿತಿಯ ಯೋಜನೆಯಿಂದಲೇ ಆರಿಸಬೇಕು ಅಂತ ಅದೂ ಹೇಳುತ್ತದೆ. ನಿಮ್ಮ ಊರಿನಲ್ಲಿ ಈಗ ಯಾವ ನಿಯಮದಂತೆ ಕೆಲಸ ಕೊಡುತ್ತಿದ್ದಾರೆ ಅಂತ ಕೇಳಿ ತಿಳಿಯಿರಿ.

ಮೂರನೇ ಡಬ್ಬಿ: ನಮ್ಮದೇ ಕಂದಾಯ

ಮನೆ ಕಂದಾಯ, ನೀರಿನ ಶುಲ್ಕ, ಅಂಗಡಿ ಬಾಡಿಗೆ, ಮೊಬೈಲ್ ಟವರ್ ಇದ್ದರೆ ಅದರ ಶುಲ್ಕ. ಇದು ಪಂಚಾಯಿತಿಯ ಸ್ವಂತ ಹಣ. ಈ ಡಬ್ಬಿಗೆ ಬೀಗ ಕಡಿಮೆ. ಊರಿನ ಸಭೆ ತೀರ್ಮಾನಿಸಿದ ಕೆಲಸಕ್ಕೆ ಬಳಸುವುದು ಸುಲಭ. ಆದರೆ ನಾವು ಕಂದಾಯ ಕಟ್ಟದೆ ಇದ್ದರೆ ಡಬ್ಬಿ ಖಾಲಿ. ಕಟ್ಟಿದರೆ ರಸೀದಿ ತಗೊಳ್ಳಿ. ರಸೀದಿ ಕೈಯಲ್ಲಿದ್ದರೆ ಸಭೆಯಲ್ಲಿ ಕೇಳಲು ಧೈರ್ಯ ಬರುತ್ತದೆ.

ನಾಲ್ಕನೇ ಡಬ್ಬಿ: ಇಲಾಖೆಗಳ ಯೋಜನೆ

ಸಸಿ ಅರಣ್ಯ ಇಲಾಖೆಯ ನರ್ಸರಿಯಿಂದ ಸಿಗುತ್ತದೆ. ಕಸ ಮತ್ತು ಬಚ್ಚಲ ನೀರಿನ ಕೆಲಸಕ್ಕೆ ಸ್ವಚ್ಛ ಭಾರತ್ ಮಿಷನ್‌ನ ಎರಡನೇ ಹಂತ 2020ರಲ್ಲಿ ಶುರುವಾಯಿತು. ಅದರಲ್ಲಿ ಆ ಕೆಲಸಗಳ ಖರ್ಚಿನ ನೂರಕ್ಕೆ 30 ಪಾಲನ್ನು ಪಂಚಾಯಿತಿ ತನ್ನ ಹಣಕಾಸು ಆಯೋಗದ ಹಣದಿಂದ ಹಾಕಬೇಕು ಅಂತ ನಿಯಮ ಮಾಡಿದರು. ಮನೆ ಚಾವಣಿಯ ಮೇಲೆ ಸೌರ ಫಲಕ ಹಾಕಲು ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಸೂರ್ಯ ಘರ್ ಯೋಜನೆ ತಂದಿತು. ಅದರಲ್ಲೇ ಜಿಲ್ಲೆಗೆ ಒಂದು ಊರನ್ನು ಮಾದರಿ ಸೌರ ಗ್ರಾಮ ಅಂತ ಆರಿಸಿ 1 ಕೋಟಿ ರೂಪಾಯಿ ಕೊಡುವ ಏರ್ಪಾಡೂ ಇದೆ. ಯೋಜನೆಗಳು ಬರುತ್ತವೆ, ಮುಗಿಯುತ್ತವೆ. ಅದಕ್ಕೇ ಪ್ರತಿ ವರ್ಷ ಹೊಸದಾಗಿ ಕೇಳಬೇಕು.

ಐದನೇ ಡಬ್ಬಿ: ಶಾಸಕರು, ಸಂಸದರು, ಕಂಪನಿಗಳು

ಸಂಸದರೊಬ್ಬರು ವರ್ಷಕ್ಕೆ 5 ಕೋಟಿ ರೂಪಾಯಿವರೆಗಿನ ಕೆಲಸಗಳನ್ನು ತಮ್ಮ ಕ್ಷೇತ್ರ ಅಭಿವೃದ್ಧಿ ನಿಧಿಯಿಂದ ಸೂಚಿಸಬಹುದು. ಶಾಸಕರಿಗೂ ಇಂಥ ನಿಧಿ ಇದೆ. ಊರಿಗೆಲ್ಲ ಉಪಯೋಗವಾಗಿ ಬಹುಕಾಲ ಉಳಿಯುವ ಕೆಲಸಕ್ಕೆ ಇದನ್ನು ಕೇಳಬಹುದು. ಇನ್ನು ದೊಡ್ಡ ಕಂಪನಿಗಳು ತಮ್ಮ ಲಾಭದಲ್ಲಿ ನೂರಕ್ಕೆ 2 ರೂಪಾಯಿಯನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತದೆ. ಪರಿಸರ ಕಾಪಾಡುವ ಕೆಲಸವೂ ಅದರಲ್ಲಿದೆ. ಹತ್ತಿರದಲ್ಲಿ ದೊಡ್ಡ ಕಾರ್ಖಾನೆ ಇದ್ದರೆ ಪಂಚಾಯಿತಿ ಮೂಲಕ ಪತ್ರ ಬರೆಯಬಹುದು.

ಆರನೇ ಡಬ್ಬಿ: ಉಳಿತಾಯ

ಇದನ್ನು ಎಲ್ಲರೂ ಮರೆಯುತ್ತಾರೆ. ಬೀದಿ ದೀಪಕ್ಕೂ ನೀರಿನ ಪಂಪಿಗೂ ಪಂಚಾಯಿತಿ ಕರೆಂಟ್ ಬಿಲ್ ಕಟ್ಟಬೇಕು. ಹಳೇ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಬಲ್ಬ್ ಹಾಕಿದರೆ ಬಿಲ್ ಇಳಿಯುತ್ತದೆ. ಹಗಲಲ್ಲಿ ದೀಪ ಉರಿಯುವುದನ್ನು ನಿಲ್ಲಿಸಿದರೂ ಬಿಲ್ ಇಳಿಯುತ್ತದೆ. ಇಳಿದ ಬಿಲ್ಲೂ ಬಂದ ಹಣವೇ.

6. ಪಕ್ಕದ ರಾಜ್ಯದ ಒಂದು ಪಂಚಾಯಿತಿ

ಇಂಥ ಡಬ್ಬಿಗಳನ್ನು ಕೂಡಿಸಿ ಒಂದು ಪಂಚಾಯಿತಿ ಏನು ಮಾಡಿತು ನೋಡೋಣ.

ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯಲ್ಲಿ ಮೇಟ್ಟುಪಾಳ್ಯಂ ಹತ್ತಿರ ಓಡಂತುರೈ ಅಂತ ಒಂದು ಪಂಚಾಯಿತಿ ಇದೆ. ಕೊಯಮತ್ತೂರು ಕಡೆಯಿಂದ ಊಟಿಗೆ ಹೋಗುವವರು ಮೇಟ್ಟುಪಾಳ್ಯಂ ದಾಟಿ ಬೆಟ್ಟ ಹತ್ತುತ್ತಾರೆ. 1996ರಿಂದ ಹತ್ತು ವರ್ಷ ಆರ್. ಷಣ್ಮುಗಂ ಅಲ್ಲಿ ಅಧ್ಯಕ್ಷರಾಗಿದ್ದರು. ನೀರಿನ ಪಂಪು, ಬೀದಿ ದೀಪಗಳ ಕರೆಂಟ್ ಬಿಲ್ ಪಂಚಾಯಿತಿಗೆ ದೊಡ್ಡ ಹೊರೆಯಾಗಿತ್ತು. ಮೊದಲು ಅವರು ಸಣ್ಣ ಕೆಲಸಗಳಿಂದ ಶುರು ಮಾಡಿದರು. ಸೌರ ಬೀದಿ ದೀಪ ಹಾಕಿದರು. ಕಟ್ಟಿಗೆಯ ಚೂರು ಉರಿಸಿ ಅನಿಲ ಮಾಡಿ, ಅದರಿಂದ ನೀರಿನ ಪಂಪು ಓಡಿಸಿದರು. ಖರ್ಚು ಇಳಿಯಿತು. ದುಡ್ಡು ಉಳಿಯಿತು.

2006ರಲ್ಲಿ ಪಂಚಾಯಿತಿ ಒಂದು ಗಾಳಿಯಂತ್ರ ಕೊಂಡಿತು. ಅದರ ಶಕ್ತಿ 350 ಕಿಲೋವ್ಯಾಟ್. ಬೆಲೆ ಸುಮಾರು 1 ಕೋಟಿ 55 ಲಕ್ಷ ರೂಪಾಯಿ. ಅಷ್ಟು ಹಣ ಎಲ್ಲಿಂದ ಬಂತು? ಸುಮಾರು 40 ಲಕ್ಷ ಪಂಚಾಯಿತಿಯ ಉಳಿತಾಯ. ಉಳಿದ 1 ಕೋಟಿ 15 ಲಕ್ಷ ಬ್ಯಾಂಕ್ ಸಾಲ. ಊರಿಗೆ ಬೇಕಾದಷ್ಟು ವಿದ್ಯುತ್ತಿನ ಲೆಕ್ಕ ಕಳೆದು, ಮಿಕ್ಕಿದ್ದನ್ನು ವಿದ್ಯುತ್ ಮಂಡಳಿಗೆ ಮಾರಿದರು. ಆ ಆದಾಯದಿಂದ ಸಾಲದ ಕಂತು ಕಟ್ಟಿದರು.

ಎಲ್ಲ ಪಂಚಾಯಿತಿಗಳೂ ಗಾಳಿಯಂತ್ರ ಕೊಳ್ಳಲು ಆಗುವುದಿಲ್ಲ. ಸಾಲ ಮಾಡುವುದು ಸಣ್ಣ ಮಾತೂ ಅಲ್ಲ. ಆದರೆ ಒಂದು ಮಾತು ಗಮನಿಸಿ. ಅವರಿಗೆ ಬ್ಯಾಂಕು ಸಾಲ ಕೊಟ್ಟದ್ದು ಕೈಯಲ್ಲಿ ಸ್ವಲ್ಪ ಹಣವೂ, ಬರೆದ ಲೆಕ್ಕವೂ ಇದ್ದದ್ದಕ್ಕೆ. ನಮ್ಮ ಸ್ವಸಹಾಯ ಸಂಘಕ್ಕೂ ಬ್ಯಾಂಕು ಹಾಗೇ ತಾನೇ ಸಾಲ ಕೊಡುವುದು? ಮೊದಲು ಉಳಿತಾಯ ನೋಡುತ್ತದೆ. ಆಮೇಲೆ ಪುಸ್ತಕ ನೋಡುತ್ತದೆ.

7. ನಾವು ಬರೆದ ಅರ್ಜಿ

ಈಗ ನಮ್ಮ ಕಟ್ಟೆಗೆ ಬರೋಣ. 2024ರ ಅಕ್ಟೋಬರ್ ಗ್ರಾಮಸಭೆಗೆ ಮುಂಚೆ ನಮ್ಮ ಕೇಂದ್ರದ ಹೆಂಗಸರು ಎರಡು ಸಂಜೆ ಕೂತು ಅರ್ಜಿ ಬರೆದರು. ನಾವು ಕಾಗುಣಿತ ಮಾತ್ರ ತಿದ್ದಿದೆವು. ಮಾತು ಅವರದ್ದೇ. ಅದರ ನಮೂನೆ ಇಲ್ಲಿದೆ:

ಇವರಿಗೆ,
ಅಧ್ಯಕ್ಷರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
………… ಗ್ರಾಮ ಪಂಚಾಯಿತಿ.

ವಿಷಯ: ಗೋಕಟ್ಟೆಯ ಹೂಳು ತೆಗೆಸುವ ಬಗ್ಗೆ.

ಮಾನ್ಯರೇ,
ನಮ್ಮ ಊರ ಗೋಕಟ್ಟೆಯಲ್ಲಿ ಹೂಳು ತುಂಬಿದೆ. ಮಳೆ ಬಂದರೆ ನೀರು ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ದನಗಳಿಗೆ ನೀರಿಲ್ಲ. ಪಕ್ಕದ ಕೊಳವೆ ಬಾವಿಯೂ ಬತ್ತಿದೆ. ಈ ಕಟ್ಟೆಯಿಂದ ………… ಮನೆಗಳಿಗೂ ………… ದನಗಳಿಗೂ ಉಪಯೋಗ.
ನಾವು ಕೇಳುವ ಕೆಲಸಗಳು:
1. ಹೂಳು ತೆಗೆಯುವುದು, ಏರಿ ಭದ್ರ ಮಾಡುವುದು. ಕೂಲಿ ಯೋಜನೆಯಿಂದ.
2. ಏರಿಗೆ ಕಲ್ಲು ಕಟ್ಟುವುದು. ಹಣಕಾಸು ಆಯೋಗದ ನೀರಿನ ಹಣದಿಂದ.
3. ಸುತ್ತ ಹೊಂಗೆ, ಬೇವು, ನೇರಳೆ ಗಿಡ ನೆಡುವುದು. ಸಸಿ ಅರಣ್ಯ ಇಲಾಖೆಯಿಂದ.
4. ಕಟ್ಟೆಗೆ ನೀರು ಬರುವ ಕಾಲುವೆ ಬಿಡಿಸುವುದು.
ಈ ಅರ್ಜಿಯನ್ನು ಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆದು, ಮುಂದಿನ ವರ್ಷದ ಯೋಜನೆಗೆ ಸೇರಿಸಬೇಕಾಗಿ ಕೋರುತ್ತೇವೆ.

ಇಂತಿ, ಸಹಿ ಮಾಡಿದವರು
………… ………… …………

ಪಂಚಾಯಿತಿ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಇದ್ದರೆ, ಅರ್ಜಿಯನ್ನು ಅವರ ಹೆಸರಿಗೆ ಬರೆಯಬೇಕು.

ನಲವತ್ತೊಂದು ಹೆಂಗಸರು ಸಹಿ ಹಾಕಿದರು. ಹೆಬ್ಬೆಟ್ಟು ಒತ್ತಿದವರು ಇಬ್ಬರೇ. ಅರ್ಜಿ ಎರಡು ಪ್ರತಿ ಮಾಡಿದೆವು. ಒಂದು ಕಚೇರಿಗೆ. ಇನ್ನೊಂದರ ಮೇಲೆ "ಸ್ವೀಕರಿಸಿದೆ" ಅಂತ ಮುದ್ರೆ ಹಾಕಿಸಿ ನಾವು ಇಟ್ಟುಕೊಂಡೆವು. ಸಭೆಯಲ್ಲಿ ಅಜ್ಜಿಯೇ ಎದ್ದು ನಿಂತು ಓದಿದರು. ಕೈ ನಡುಗುತ್ತಿತ್ತು. ಒಂದೆರಡು ಕಡೆ ತಡವರಿಸಿದರು. ಆದರೆ ಕೊನೆಯವರೆಗೂ ಓದಿದರು. ಓದಿ ಮುಗಿಸಿ, "ಈಗ ಪುಸ್ತಕದಾಗೆ ಬರೀರಿ. ಬರೆದ ಮ್ಯಾಲೆ ನಂಗೆ ತೋರ್ಸಿ" ಅಂದರು.

ಸಭೆಯಲ್ಲಿ ಯಾರೂ ನಗಲಿಲ್ಲ. ಬರೆದರು. ತೋರಿಸಿದರು. ಅಜ್ಜಿ ಓದಿ ನೋಡಿದ ಮೇಲೇ ಕೂತರು.

8. ಮುಂದೇನಾಯಿತು?

ಇಂಜಿನಿಯರ್ ಬಂದು ಅಳತೆ ಮಾಡಿದರು. ಎಸ್ಟಿಮೇಟ್ ಆಯಿತು. 2025ರ ಬೇಸಿಗೆಯಲ್ಲಿ ಹೂಳಿನ ಕೆಲಸ ಶುರುವಾಯಿತು. ಆಗ ಹಳೇ ಉದ್ಯೋಗ ಖಾತರಿ ಕಾಯ್ದೆಯೇ ಇತ್ತು. ಅದರಲ್ಲಿ ಗುತ್ತಿಗೆದಾರರು ಇರುವಂತಿರಲಿಲ್ಲ. ಅರ್ಜಿ ಬರೆದವರೇ ಗುದ್ದಲಿ ಹಿಡಿದರು. ಬುಟ್ಟಿ ಹೊತ್ತರು. ಕೂಲಿ ಅವರವರ ಬ್ಯಾಂಕ್ ಖಾತೆಗೆ ಬಂತು. ತೆಗೆದ ಹೂಳನ್ನು ರೈತರು ತಮ್ಮದೇ ಗಾಡಿ, ಟ್ರ್ಯಾಕ್ಟರ್ ತಂದು ಹೊಲಕ್ಕೆ ಸಾಗಿಸಿದರು. ಹಾಗಾಗಿ ಸಾಗಿಸುವ ಖರ್ಚು ಪಂಚಾಯಿತಿಗೆ ಬೀಳಲಿಲ್ಲ. ಹೊಲಕ್ಕೆ ಗೊಬ್ಬರವೂ ಆಯಿತು.

ಎಲ್ಲವೂ ನಾವು ಅಂದುಕೊಂಡ ಹಾಗೆ ಆಗಲಿಲ್ಲ. ಕಲ್ಲು ಕಟ್ಟುವ ಕೆಲಸ ಅರ್ಧಕ್ಕೆ ನಿಂತಿದೆ. ಮುಂದಿನ ಕಂತು ಬರಬೇಕು. ಒಂದು ಕಾರ್ಖಾನೆಗೆ ಪತ್ರ ಬರೆಸಿದ್ದೆವು. ಉತ್ತರ ಬರಲಿಲ್ಲ. ನೀರು ಬರುವ ಕಾಲುವೆಯನ್ನು ಇಬ್ಬರು ಉತ್ತು ಹೊಲಕ್ಕೆ ಸೇರಿಸಿಕೊಂಡಿದ್ದಾರೆ. ಅದನ್ನು ಬಿಡಿಸಲು ಹಣ ಇದ್ದರೆ ಸಾಲದು. ಊರು ಕೂತು ಮಾತಾಡಬೇಕು. ಆ ಮಾತು ಇನ್ನೂ ನಡೆಯುತ್ತಿದೆ.

ಆದರೂ 2025ರ ಮಳೆಗಾಲದಲ್ಲಿ ಕಟ್ಟೆಗೆ ಅರ್ಧದಷ್ಟು ನೀರು ಬಂತು. ಅಜ್ಜಿಯ ಎಮ್ಮೆಗಳು ಈಗ ಎರಡು ಮೈಲಿ ನಡೆಯುವುದಿಲ್ಲ.

9. ಎಚ್ಚರ ಇರಲಿ

ಹಣ ಬಂದರೆ ಸಾಲದು. ಬಂದ ಹಣ ಕೆಲಸಕ್ಕೇ ಹೋಗಬೇಕು.

ಕೆಲಸ ನಡೆಯುವ ಜಾಗದಲ್ಲಿ ಫಲಕ ಇರಬೇಕು. ಕೆಲಸದ ಹೆಸರು, ಯೋಜನೆ, ಮೊತ್ತ ಅದರಲ್ಲಿ ಬರೆದಿರಬೇಕು. ಓದಿ. ಫಲಕ ಇಲ್ಲದಿದ್ದರೆ ಯಾಕಿಲ್ಲ ಅಂತ ಕೇಳಿ.

ಪಂಚಾಯಿತಿಯ ಯೋಜನೆ, ಬಂದ ಹಣ, ಖರ್ಚು ಇವನ್ನು ಇ-ಗ್ರಾಮ ಸ್ವರಾಜ್ ಅನ್ನುವ ಸರ್ಕಾರಿ ತಾಣದಲ್ಲಿ ನೋಡಬಹುದು. ಇದು 2020ರಲ್ಲಿ ಶುರುವಾಯಿತು. ಮಗಳ ಅಥವಾ ಮೊಮ್ಮಗಳ ಮೊಬೈಲಿನಲ್ಲಿ ತೆಗೆಸಿ ನೋಡಿ.

ಕಚೇರಿಯಲ್ಲಿ ಲೆಕ್ಕ ತೋರಿಸದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. 30 ದಿನದೊಳಗೆ ಉತ್ತರ ಕೊಡಬೇಕು.

"ಹಣ ಮಂಜೂರು ಮಾಡಿಸಿಕೊಡ್ತೀನಿ, ಮೊದಲು ಇಷ್ಟು ಕೊಡಿ" ಅಂತ ಯಾರಾದರೂ ಬಂದರೆ ನಂಬಬೇಡಿ. ಗ್ರಾಮಸಭೆಯಲ್ಲಿ ಕೆಲಸ ಕೇಳಲು ಯಾರಿಗೂ ದುಡ್ಡು ಕೊಡಬೇಕಿಲ್ಲ.

10. ಮಾತಿನ ಅರ್ಥ

ಅನುದಾನ: ಸರ್ಕಾರ ಕೆಲಸಕ್ಕೆಂದು ಕೊಡುವ ಹಣ. ಇದನ್ನು ತಿರುಗಿ ಕೊಡಬೇಕಿಲ್ಲ.
ಸಾಲ: ತಿರುಗಿ ಕೊಡಬೇಕಾದ ಹಣ. ಬಡ್ಡಿಯೂ ಸೇರುತ್ತದೆ.
ನಡಾವಳಿ: ಸಭೆಯಲ್ಲಿ ಆದದ್ದನ್ನು ಬರೆದಿಟ್ಟದ್ದು.
ಎಸ್ಟಿಮೇಟ್: ಕೆಲಸಕ್ಕೆ ಎಷ್ಟು ಖರ್ಚಾಗಬಹುದು ಅನ್ನುವ ಅಂದಾಜು ಪಟ್ಟಿ.
ಪಿಡಿಒ: ಪಂಚಾಯಿತಿ ಅಭಿವೃದ್ಧಿ ಅಧಿಕಾರಿ.

11. ಲೆಕ್ಕ ಮಾಡೋಣ

1. ಒಂದು ಪಂಚಾಯಿತಿಗೆ 10 ಲಕ್ಷ ರೂಪಾಯಿ ಅನುದಾನ ಬಂತು. ನೂರಕ್ಕೆ 60 ನೀರು ಮತ್ತು ನೈರ್ಮಲ್ಯಕ್ಕೆ ಮೀಸಲು ಅಂತ ಇಟ್ಟುಕೊಳ್ಳಿ. ಮೀಸಲು ಎಷ್ಟು? ಉಳಿದದ್ದು ಎಷ್ಟು?
(ಉತ್ತರ: 6 ಲಕ್ಷ, 4 ಲಕ್ಷ.)

2. ಊರಿನಲ್ಲಿ 100 ಬೀದಿ ದೀಪ ಇವೆ. 40 ವ್ಯಾಟ್ ಟ್ಯೂಬ್ ತೆಗೆದು 20 ವ್ಯಾಟ್ ಎಲ್‌ಇಡಿ ಹಾಕಿದರು. ಒಂದು ದೀಪಕ್ಕೆ 20 ವ್ಯಾಟ್ ಉಳಿಯಿತು. 100 ದೀಪಕ್ಕೆ 2,000 ವ್ಯಾಟ್. ರಾತ್ರಿ 12 ಗಂಟೆ ಉರಿದರೆ ಒಂದು ದಿನಕ್ಕೆ 24 ಯೂನಿಟ್ ಉಳಿತಾಯ. 30 ದಿನಕ್ಕೆ ಎಷ್ಟು ಯೂನಿಟ್? ಯೂನಿಟ್‌ಗೆ 7 ರೂಪಾಯಿ ಅಂದುಕೊಂಡರೆ ತಿಂಗಳಿಗೆ ಎಷ್ಟು ಹಣ ಉಳಿಯಿತು?
(ಉತ್ತರ: 720 ಯೂನಿಟ್, 5,040 ರೂಪಾಯಿ.)

12. ಕೂತು ಮಾತಾಡೋಣ

1. ನಿಮ್ಮ ಊರಿನಲ್ಲಿ ಬೇಸಿಗೆಯಲ್ಲಿ ಮೊದಲು ಬತ್ತುವ ನೀರಿನ ಜಾಗ ಯಾವುದು?
2. ಕಳೆದ ಗ್ರಾಮಸಭೆಗೆ ನಿಮ್ಮಲ್ಲಿ ಎಷ್ಟು ಜನ ಹೋಗಿದ್ದಿರಿ? ಹೋಗದವರು ಯಾಕೆ ಹೋಗಲಿಲ್ಲ?
3. ಅಜ್ಜಿಯ ಮಾತನ್ನು ಮೂರು ವರ್ಷ ಯಾರೂ ಬರೆಯಲಿಲ್ಲ. ನಿಮಗೂ ಹೀಗೆ ಆಗಿದೆಯೇ?

13. ಮಾಡೋಣ

ಈ ವಾರ ನಾಲ್ಕೈದು ಜನ ಸೇರಿ ಪಂಚಾಯಿತಿ ಕಚೇರಿಗೆ ಹೋಗಿ. ಮುಂದಿನ ಗ್ರಾಮಸಭೆ ಯಾವತ್ತು ಅಂತ ಕೇಳಿ, ನೋಟ್ ಪುಸ್ತಕದಲ್ಲಿ ದಿನಾಂಕ ಬರೆದುಕೊಳ್ಳಿ. ನಡಾವಳಿ ಪುಸ್ತಕ ಕೇಳಿ ಓದಿ. ನಿಮ್ಮ ಊರಿಗೆ ಬೇಕಾದ ಒಂದು ಕೆಲಸ ಆರಿಸಿ. ಮೇಲಿನ ನಮೂನೆ ನೋಡಿಕೊಂಡು ಅರ್ಜಿ ಬರೆಯಿರಿ. ಕಾಗುಣಿತ ತಪ್ಪಾದರೆ ತೊಂದರೆ ಇಲ್ಲ. ತಿದ್ದೋಣ.

ಅರ್ಜಿಯ ಕೆಳಗೆ ನಿಮ್ಮ ಹೆಸರು ನೀವೇ ಬರೆಯಿರಿ. ಪೂರ್ತಿ ಹೆಸರು, ದಪ್ಪ ಅಕ್ಷರದಲ್ಲಿ.